ಕಲ್ಲುಮನೆ ಸಾಲಿನ ಕೆಳಗೆ

ಮಾರ್ಚ್ 6, ಬುಧವಾರ

ಬಸ್ ನಿಲ್ದಾಣ ಇಲ್ಲ. ಮುರಿದಿದೆ, ವಾಲಿದೆ ಎಂದಲ್ಲ, ಇಲ್ಲವೇ ಇಲ್ಲ! ನಿನ್ನೆ ಸಂಜೆ ನಾನೂ ನನ್ನ ತಂಗಿ ಜೂರಾಳೂ ಅಲ್ಲೇ, ಆ ಸಿಮೆಂಟ್ ಬೆಂಚಿನ ಮೇಲೆ ಕೂತು, ಸೂರ್ಯಕಾಂತಿ ಬೀಜ ಸುಲಿಯುತ್ತ, ಊರವರನ್ನೆಲ್ಲ ಆಡಿಕೊಂಡು ಎದ್ದು ಬಂದಿದ್ದೆವು. ಇವತ್ತು ಬೆಳಿಗ್ಗೆ ಹಾಲಿಗೆಂದು ಹೊರಟರೆ ಅಲ್ಲಿ ಬಾವಿಯ ಹಾಗೆ ದುಂಡನೆಯ ಹಳ್ಳ. ಬೆಂಚೂ ಇಲ್ಲ, ತಗಡಿನ ಛಾವಣಿಯೂ ಇಲ್ಲ. ಇಣುಕಿದರೆ ಬರೀ ಕಪ್ಪು. ಎರಡು ಹೆಜ್ಜೆ ಹಿಂದೆ ಸರಿದೆ, ಸುಳ್ಳೇಕೆ ಹೇಳಲಿ.

ಅರ್ಧ ಊರು ಸೇರಿತ್ತು. ಅರ್ಧ ಊರು ಎಂದರೆ ಈಗ ಎಷ್ಟು ಮಹಾ! ಗಣಿ ನಡೆಯುತ್ತಿದ್ದಾಗ ಈ ಕೋಮುರ್-ಸಾಯ್‌ನಲ್ಲಿ ಹದಿನೆಂಟು ಸಾವಿರ ಜನ ಇದ್ದರು. ಜರ್ಮನ್ನರು, ತಾತಾರರು, ರಷ್ಯನ್ನರು, ಈ ಕಣಿವೆಯವರೇ ಆದ ನಾವು. ಈಗ ಎರಡು ಸಾವಿರವೂ ಇಲ್ಲ. ಎಲ್ಲರೂ ಹಳ್ಳ ನೋಡಿ ಆಮೇಲೆ ನನ್ನ ಮುಖ ನೋಡಿದರು. ಗಣಿಯ ನಕ್ಷೆ ಬರೆದವಳು ಈ ಊರಿನಲ್ಲಿ ಉಳಿದಿರುವುದು ನಾನೊಬ್ಬಳೇ ತಾನೆ.

"ಬುರುಲ್ಕಾನ್ ಅಕ್ಕ, ಕಲ್ಲುಮನೆ ಸಾಲಿಗೇನೂ ಆಗಲ್ವಾ?" ಅಂತ ಅಂಗಡಿಯವಳು ಕೇಳಿದಳು. ಹಳ್ಳದಿಂದ ಆ ಮೂರಂತಸ್ತಿನ ಕಟ್ಟಡಕ್ಕೆ ಇಪ್ಪತ್ತೇ ಹೆಜ್ಜೆ. ಮೂವತ್ತಾರು ಸಂಸಾರ. ಜೂರಾಳ ಮನೆಯೂ ಅದರಲ್ಲೇ.

"ಏನೂ ಆಗಲ್ಲ ಕಣಮ್ಮ," ಅಂದೆ. "ಆ ಸಾಲಿನ ಕೆಳಗೆ ಅಗೆಯದೆ ಬಿಟ್ಟ ಕಲ್ಲಿದ್ದಲಿನ ದಿಂಡು ಇದೆ. ಊರು ನಿಂತಿರೋದೇ ಅದರ ಮೇಲೆ. ನಾನೇ ನಕ್ಷೆ ಬರೆದಿದ್ದೀನಿ. ಇದೆಲ್ಲ ನಮ್ಮ ಹೆಗ್ಗಣಗಳ ಕೆಲಸ."

ಹೆಗ್ಗಣ ಎಂದರೆ ಶೈಲೋ ಮತ್ತು ಅವನ ಜೊತೆಯವರು. ಕಣಿವೆ ಬದಿಯಲ್ಲಿ ಬಿಲ ಕೊರೆದು ಕದ್ದು ಕಲ್ಲಿದ್ದಲು ತೆಗೆದು ಮೂಟೆಗಟ್ಟಿ ಮಾರುವ ಜಾತಿ. ಅವನೂ ಗುಂಪಿನಲ್ಲಿದ್ದ. ತಲೆ ಎತ್ತಲಿಲ್ಲ. ಎತ್ತಲಿ ನೋಡೋಣ!

ಮಾರ್ಚ್ 8, ಶುಕ್ರವಾರ

ಮಹಿಳಾ ದಿನ. ಜೂರಾಳ ಮನೆಯಲ್ಲಿ ಊಟ. ಗಂಡ ತೀರಿಕೊಂಡು, ಮಕ್ಕಳು ನಗರ ಸೇರಿ, ಈಗ ಅವಳೊಬ್ಬಳೇ. ಹಿಟ್ಟಿನ ಬೊರ್ಸೋಕ್ ಉಂಡೆ ಕರಿದಿದ್ದಳು, ಏಪ್ರಿಕಾಟ್ ಜಾಮ್ ಇಟ್ಟಿದ್ದಳು. ನನಗೆ ತಿನ್ನುವುದಕ್ಕಾಗಲಿಲ್ಲ, ಕಣ್ಣು ಅಡುಗೆಮನೆಯ ಗೋಡೆಯ ಮೇಲೇ ನೆಟ್ಟಿತ್ತು. ಕಿಟಕಿಯ ಮೂಲೆಯಿಂದ ಛಾವಣಿಯ ತನಕ ಬಿರುಕು, ಬೆರಳು ತೂರುವಷ್ಟು.

"ಇದ್ಯಾವಾಗ ಬಂತೇ?"

"ಯಾವಾಗಲೂ ಬರುತ್ತೆ ಅಕ್ಕ. ಭಾವ ಇದ್ದಿದ್ರೆ ಇಷ್ಟು ಹೊತ್ತಿಗೆ ಸುಣ್ಣದ ಬಕೆಟ್ ಹಿಡ್ಕೊಂಡು ಬಂದಿರೋರು," ಅಂದಳು ಜೂರಾ. "ಪ್ರತಿ ವರ್ಷ ನೊರೂಜ್ ಹಬ್ಬಕ್ಕೆ ಮುಂಚೆ ಬಂದು, ಗೋಡೆ ಗೋಡೆ ತಟ್ಟಿ ನೋಡಿ, ಬಿರುಕು ಮುಚ್ಚಿ, ಸುಣ್ಣ ಬಳಿದು ಹೋಗೋರು. ಒಂದು ವರ್ಷ ತಪ್ಪಿಸಲಿಲ್ಲ. ಯಾರ ಭಾವ ಮಾಡ್ತಾರೆ ಹೇಳು?"

ಕಣ್ಣು ತುಂಬಿ ಬಂತು. ಇವರು ಹೋಗಿ ಹದಿಮೂರು ವರ್ಷವಾಯಿತು. ಗಣಿಯ ಏಳನೇ ತಂಡದ ನಾಯಕ ತಾಶ್ತಾನ್ ಎಂದರೆ ಇವತ್ತಿಗೂ ಮುದುಕರು ಟೋಪಿ ತೆಗೆಯುತ್ತಾರೆ. ಎಂಬತ್ತೈದರಲ್ಲಿ ಕಲ್ಲುಮನೆ ಸಾಲಿನ ಈ ಮನೆ ಮೊದಲು ನನ್ನ ಹೆಸರಿಗೇ ಬಂದಿತ್ತು. ನಲ್ಲಿಯಲ್ಲಿ ಬಿಸಿನೀರು, ಒಳಗೇ ಶೌಚಾಲಯ! ಇವರು ಬೇಡವೆಂದರು. "ಜೂರಾ ಹೊಸದಾಗಿ ಮದುವೆಯಾದೋಳು, ಬಸುರಿ ಬೇರೆ. ಅವಳಿಗೆ ಇರಲಿ, ನಾವು ಗುಡ್ಡದ ಮೇಲೇ ಇದ್ದುಬಿಡೋಣ," ಅಂದರು. ನಾನು ಒಂದು ವಾರ ಮಾತು ಬಿಟ್ಟಿದ್ದೆ. ಈಗ ನೆನೆದರೆ ನನ್ನ ಬಗ್ಗೆಯೇ ನಾಚಿಕೆ. ಅಂಥ ಮನುಷ್ಯ ಇನ್ನೊಬ್ಬ ಸಿಗುತ್ತಾನೆಯೆ?

ಬಿರುಕಿಗೆ ನಾನೇ ಗಾರೆ ತುಂಬಿ ಬಂದೆ.

ಮಾರ್ಚ್ 12, ಮಂಗಳವಾರ

ರಾಜಧಾನಿಯಿಂದ ಎಂಜಿನಿಯರ್ ಬಂದಿದ್ದಾನೆ. ಹೆಸರು ಎಲ್ದಾರ್. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಆದರೆ ಮರ್ಯಾದೆ ಬಲ್ಲವನು. ದಾಖಲೆ ಕೋಣೆಯಿಂದ ನನ್ನ ನಕ್ಷೆಯನ್ನೇ ತಂದಿದ್ದ! ಮಸಿ ಬಣ್ಣಗೆಟ್ಟಿಲ್ಲ. ಕಲ್ಲುಮನೆ ಸಾಲಿನ ಕೆಳಗೆ ನಾನು ಅಡ್ಡಗೆರೆ ಎಳೆದು ತುಂಬಿದ ದಿಂಡು, ಮೂಲೆಯಲ್ಲಿ ನನ್ನ ಸಹಿ, 1985ರ ಜನವರಿ. ಕೈಯಿಂದ ಸವರಿ ನೋಡಿದೆ. ಇಂಥ ಗೆರೆ ಎಳೆಯುವವರು ಈಗ ಎಲ್ಲಿದ್ದಾರೆ?

"ಅಮ್ಮ, ಇದು ಸರಿಯಾದ ನಕ್ಷೆ ಅಂತ ನೀವೊಂದು ಸಹಿ ಹಾಕಿಕೊಟ್ರೆ ನನ್ನ ವರದಿ ಮುಗಿಯುತ್ತೆ," ಅಂದ. "ದಿಂಡು ಗಟ್ಟಿಯಾಗಿದ್ರೆ ಕಟ್ಟಡಕ್ಕೆ ಭಯ ಇಲ್ಲ. ಜನರನ್ನ ಎಬ್ಬಿಸೋ ಅಗತ್ಯ ಇಲ್ಲ. ಕಳ್ಳ ಬಿಲ ಮುಚ್ಚಿಸಿ, ಅಗೆದವನ ಮೇಲೆ ಕೇಸ್ ಹಾಕಿ, ಹಳ್ಳ ತುಂಬಿಸಿದ್ರಾಯ್ತು."

ಹಾಕಿದೆ. ಇನ್ನೊಂದು ಸಲ ಓದಲೂ ಇಲ್ಲ.

ಮಧ್ಯಾಹ್ನ ಪೊಲೀಸರು ಹೋಗಿ ಶೈಲೋನ ಬಿಲಕ್ಕೆ ಕಬ್ಬಿಣದ ಸರಳು ಹಾಕಿ ಬೀಗ ಜಡಿದರು. ಅವನು ಬೀದಿಯಲ್ಲಿ ನಿಂತು ಕೂಗಾಡಿದನಂತೆ. ಕೂಗಾಡಲಿ. ಚಳಿಗಾಲದಲ್ಲಿ ನಾನೂ ಅವನ ಹತ್ತಿರವೇ ಎಂಟು ಮೂಟೆ ತೆಗೆದುಕೊಂಡಿದ್ದೆ, ಅದು ಬೇರೆ ಮಾತು. ಈ ಊರಿನಲ್ಲಿ ಒಲೆ ಉರಿಯಬೇಕಲ್ಲ.

ಮಾರ್ಚ್ 13, ಬುಧವಾರ

ಹೆಗ್ಗಣ ನನ್ನ ಮನೆಗೇ ಬಂತು! ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಂಡುತ್ತ, "ದೊಡ್ಡಮ್ಮ, ಒಂದು ಮಾತು," ಅಂದ.

"ಕೇಸ್ ವಾಪಸ್ ತಗೊಳ್ಳಿ ಅಂತ ನನ್ನನ್ನ ಕೇಳಬೇಡ. ನಾನು ಪೊಲೀಸ್ ಅಲ್ಲ."

"ಕೇಸ್ ಹಾಳಾಗಿ ಹೋಗ್ಲಿ ದೊಡ್ಡಮ್ಮ. ನೀವು ಸಹಿ ಹಾಕಿದ್ರಂತಲ್ಲ, ಸಾಲಿನ ಕೆಳಗೆ ದಿಂಡು ಇದೆ ಅಂತ. ಅಲ್ಲಿ ದಿಂಡು ಇಲ್ಲ."

ನಾನು ನಕ್ಕೆ. ನಿಜವಾಗಿ ನಕ್ಕೆ.

"ಫೆಬ್ರವರಿಯಲ್ಲಿ ನಮ್ಮ ಬಿಲ ಒಂದು ಟೊಳ್ಳಿಗೆ ಒಡೀತು," ಅಂದ. "ನಾವು ಅಗೆದಿದ್ದಲ್ಲ. ಹಳೇದು. ಮರದ ಆಸರೆ ನಿಲ್ಸಿದ್ದಾರೆ, ಹಳಿ ಹಾಕಿದ ಗುರುತಿದೆ. ಟಾರ್ಚ್ ಬಿಟ್ರೆ ಕೊನೆ ಕಾಣಲ್ಲ. ನಾನು ಹೆದರ್ಕೊಂಡು ಅವತ್ತಿಂದ ಆ ಕಡೆ ಹೋಗ್ಲೇ ಇಲ್ಲ. ಅಲ್ಲಿ ಮೂವತ್ತಾರು ಮನೆ ಇದೆ ದೊಡ್ಡಮ್ಮ."

"ಲೋ, ನೀನು ಹುಟ್ಟೋಕೆ ಮುಂಚೆ ನಾನು ಆ ಜಾಗದ ನಕ್ಷೆ ಬರೆದಿದ್ದೀನಿ. ತಾಶ್ತಾನ್ ತಂಡ ಕೊಟ್ಟ ಲೆಕ್ಕ ಅದು. ಅವರ ಲೆಕ್ಕ ತಪ್ಪು ಅಂತೀಯಾ? ನಿನ್ನ ತಪ್ಪನ್ನ ಸತ್ತೋರ ತಲೆಗೆ ಕಟ್ತೀಯಾ? ಮುಖ ಸುಟ್ಟೋನೇ, ನಡಿ ಆಚೆ!"

ಪೊರಕೆ ಎತ್ತಿಕೊಂಡೆ. ಅವನು ಮೆಟ್ಟಿಲಿಳಿದು, ಹಿಂದಿರುಗಿ ನೋಡಿ, "ಬೇಡ ಬಿಡಿ, ನಂಬಬೇಡಿ. ಬಂದು ಅಳೆದು ನೋಡಿ," ಅಂದ.

ಎಂಥ ಧಾರ್ಷ್ಟ್ಯ!

ಮಾರ್ಚ್ 15, ಶುಕ್ರವಾರ

ಏನೂ ವಿಶೇಷವಿಲ್ಲ. ಹಿಮ ಕರಗುತ್ತಿದೆ. ಜೂರಾಳ ಮನೆಗೆ ಹೋಗಿದ್ದೆ. ನಾನು ತುಂಬಿದ ಗಾರೆ ಸೀಳಿಕೊಂಡು ಉದುರಿದೆ. ಹೊಸ ಗಾರೆ ಒಣಗುವಾಗ ಹಾಗಾಗುತ್ತದೆ.

ಹಳೆಯ ಅಳತೆ ಟೇಪನ್ನು ಪೆಟ್ಟಿಗೆಯಿಂದ ತೆಗೆದು ಎಣ್ಣೆ ಹಚ್ಚಿಟ್ಟೆ. ಸುಮ್ಮನೆ, ತುಕ್ಕು ಹಿಡಿಯದಿರಲಿ ಅಂತ.

ಮಾರ್ಚ್ 17, ಭಾನುವಾರ

ಬರೆಯಬೇಕು. ಕ್ರಮವಾಗಿ ಬರೆಯಬೇಕು. ಮೂವತ್ತು ವರ್ಷ ಭೂಮಿಯ ಕೆಳಗಿನ ಲೆಕ್ಕ ಬರೆದವಳು ನಾನು.

ಹನ್ನೊಂದು ಗಂಟೆಗೆ ಶೈಲೋನ ಮನೆಗೆ ಹೋಗಿ, "ನಡಿ, ಅಳೆದು ನಿನ್ನ ಬಾಯಿ ಮುಚ್ಚಿಸ್ತೀನಿ," ಅಂದೆ. ಅವನ ಹೆಂಡತಿ ಚಹಾ ಕೊಟ್ಟಳು, ಕುಡಿಯಲಿಲ್ಲ. ಬೀಗ ಹಾಕಿದ್ದಾರಲ್ಲ ಅಂದರೆ, ಬಿಲಕ್ಕೆ ಇನ್ನೊಂದು ಬಾಯಿ ಇದೆ ಅಂತ ಕುರಿ ದೊಡ್ಡಿಯ ಹಿಂದೆ ಕರೆದುಕೊಂಡು ಹೋದ. ತಲೆಗೆ ದೀಪ ಕಟ್ಟಿದ. ಅರವತ್ತೊಂಬತ್ತು ವರ್ಷದ ಮುದುಕಿ ನಾನು, ಮಂಡಿಯೂರಿ ಅಂಬೆಗಾಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಇದ್ದೆ. ಆಸರೆ ಸಾಲದು, ಗಾಳಿ ಸಾಲದು, ನಿನ್ನ ಮಕ್ಕಳ ಗತಿ ಏನೋ ಅಂತ. "ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ, ತಲೆ ತಗ್ಗಿಸಿ," ಅನ್ನುತ್ತಿದ್ದ.

ನಲವತ್ತೊಂದು ಮೀಟರಿಗೆ ಬಿಲ ಮುಗಿಯಿತು. ಅಲ್ಲಿ ನಾನು ಎದ್ದು ನಿಂತೆ.

ಎದ್ದು ನಿಲ್ಲುವಷ್ಟು ಎತ್ತರ! ದಿಕ್ಸೂಚಿ ಹಿಡಿದೆ, ಟೇಪು ಎಳೆದೆ, ಶೈಲೋ ಆ ಕಡೆಯ ತುದಿ ಹಿಡಿದ. ಎರಡು ಸಲ ಅಳೆದೆ. ಮೂರು ಸಲ ಅಳೆದೆ. ಅಗಲ ಹನ್ನೊಂದು ಮೀಟರ್. ಉದ್ದ ನಾವು ಹೋಗಲು ಧೈರ್ಯ ಮಾಡಿದಷ್ಟು ದೂರಕ್ಕೇ ಅರವತ್ತು ಮೀಟರ್. ನಾವು ನಿಂತದ್ದು ಕಲ್ಲುಮನೆ ಸಾಲಿನ ಮೂರು ಹೆಬ್ಬಾಗಿಲುಗಳಲ್ಲಿ ಎರಡನೇ ಬಾಗಿಲಿನ ಕೆಳಗೆ, ಸರಿಯಾಗಿ. ತಲೆಯ ಮೇಲೆ ಹದಿನಾಲ್ಕು ಮೀಟರ್ ಮಣ್ಣು, ಅದರ ಮೇಲೆ ನನ್ನ ತಂಗಿಯ ಅಡುಗೆಮನೆ. ಮರದ ಆಸರೆಗಳಲ್ಲಿ ಅರ್ಧದಷ್ಟು ಮುರಿದು ಮಂಡಿಯೂರಿದ್ದವು. ಎಲ್ಲೋ ಕಲ್ಲು ಉದುರುವ ಸದ್ದು, ನಿಲ್ಲುವುದು, ಮತ್ತೆ ಉದುರುವುದು.

"ಇದು ಯುದ್ಧದ ಕಾಲದ್ದಿರಬೇಕು," ಅಂದೆ. "ನಕ್ಷೆಗೂ ಮುಂಚಿನದು."

ಶೈಲೋ ನನ್ನ ಮೊಣಕೈ ಹಿಡಿದು ಒಂದು ಆಸರೆಯ ಹತ್ತಿರ ನಿಲ್ಲಿಸಿ ದೀಪ ತಿರುಗಿಸಿದ. ಸುಣ್ಣದಲ್ಲಿ ಬರೆದಿತ್ತು. 7. ಅದರ ಕೆಳಗೆ 28.12.84.

ಏಳರ ನಡುವೆ ಅಡ್ಡಗೆರೆ, ಗೆರೆಯ ಕೊನೆಗೆ ಒಂದು ಚುಕ್ಕೆ. ನಮ್ಮ ಆಲೂಗಡ್ಡೆ ಮೂಟೆಗಳ ಮೇಲೆ ಇಪ್ಪತ್ತಾರು ವರ್ಷ ನೋಡಿದ ಏಳು ಅದು. ತಾಶ್ತಾನ್ ಬಿಟ್ಟರೆ ಪ್ರಪಂಚದಲ್ಲಿ ಇನ್ಯಾರೂ ಹಾಗೆ ಏಳು ಬರೆಯುವುದಿಲ್ಲ.

ಹೊರಗೆ ಬಂದದ್ದು ಹೇಗೋ ನೆನಪಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು. ಶೈಲೋ ನನ್ನ ಕೋಟಿನ ಮಸಿ ಕೊಡವುತ್ತ, "ದೊಡ್ಡಮ್ಮ, ಏನಾದ್ರೂ ಮಾತಾಡಿ, ನಂಗೆ ಹೆದರಿಕೆ ಆಗ್ತಿದೆ," ಅಂದ.

ಮಾರ್ಚ್ 18, ಸೋಮವಾರ

ಅವನು ಪ್ರತಿ ವರ್ಷ ಜೂರಾಳ ಮನೆಗೆ ಹೋಗಿ ಗೋಡೆ ತಟ್ಟುತ್ತಿದ್ದ.

ಅಯ್ಯೋ ದೇವರೇ. ತಟ್ಟಿ ನೋಡುತ್ತಿದ್ದ.

ಮಾರ್ಚ್ 19, ಮಂಗಳವಾರ

ಏಳನೇ ತಂಡದ ಹನ್ನೊಂದು ಜನರಲ್ಲಿ ಬದುಕಿರುವವನು ಕಾಸಿಮಾಲಿ ಒಬ್ಬನೇ. ಎಂಬತ್ತೆರಡು ವರ್ಷ. ಗಣಿಯ ದೂಳು ಕುಡಿದ ಎದೆ, ಎರಡು ಮಾತಾಡಿದರೆ ಮೂರು ಸಲ ಕೆಮ್ಮುತ್ತಾನೆ. ಹೋದೆ. ಸೊಸೆ ಚಾಪೆ ಹಾಸಿ ರೊಟ್ಟಿ ಮುರಿದಿಟ್ಟು ಒಳಗೆ ಹೋದಳು.

"ಅಣ್ಣ, ನಾನು ಕೆಳಗೆ ಹೋಗಿ ನೋಡಿಕೊಂಡು ಬಂದೆ," ಅಂದೆ. "ಎಂಬತ್ನಾಲ್ಕರ ಡಿಸೆಂಬರಿನಲ್ಲಿ ನೀವು ಎಲ್ಲಿ ಅಗೆದಿರಿ?"

ಅವನ ಮುಖ ಬಿಳಿಚಿಕೊಂಡಿತು. ಕೆಮ್ಮಿದ. ಕಿಟಕಿಯ ಕಡೆ ನೋಡಿದ. ಆಮೇಲೆ ಮುಂದಿದ್ದ ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಮುಟ್ಟಿಸಿ ಮತ್ತೆ ಇಟ್ಟ.

ನನಗೆ ಅರ್ಥವಾಯಿತು. "ರೊಟ್ಟಿ ಮುಟ್ಟಿ ಆಣೆ ಮಾಡಿದ್ರಾ? ಹನ್ನೊಂದೂ ಜನ?"

ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ತಿಳಿಯದ ಹಾಗೆ.

"ಆಣೆ ಮಾಡಿಸಿದ್ದು ನಮ್ಮ ಮನೆಯವನಾ?"

ಅದಕ್ಕೂ ಹಾಗೇ. ನಮ್ಮಲ್ಲಿ ರೊಟ್ಟಿ ಹಿಡಿದು ಆಣೆ ಮಾಡಿದವನು ಮಾತು ಮುರಿದರೆ ಆ ಅನ್ನ ಕುರುಡು ಮಾಡುತ್ತದೆ ಎಂದು ನಂಬಿಕೊಂಡು ಸಾಯುವವರೇ ಎಲ್ಲರೂ. ನನಗೂ ಆ ಭಯ ಇದೆ. ಆದರೂ ಬಿಡಲಿಲ್ಲ.

"ಮಾತಾಡಬೇಡ ಬಿಡು," ಅಂದೆ. "ನೀನು ಗುಡ್ಡದ ಮೇಲಿನ ಮರದ ಮನೇಲಿದ್ದೀಯ. ನಿಮ್ಮ ತಂಡದ ಸಾಬಿತ್ ಇದ್ದದ್ದೂ ಗುಡ್ಡದ ಮೇಲೆ. ಮಮಿರ್ಕುಲ್ ಸಾಯೋ ತನಕ ಗುಡ್ಡದ ಮೇಲೆ. ಆ ತಾತಾರ್ ರಿನಾತ್ ಗುಡ್ಡದ ಮೇಲೆ. ನಾನೂ ಗುಡ್ಡದ ಮೇಲೆ. ಹನ್ನೊಂದು ಜನರಲ್ಲಿ ಒಬ್ಬರಾದ್ರೂ ಕಲ್ಲುಮನೆ ಸಾಲಿನಲ್ಲಿ ಮನೆ ತಗೊಂಡ್ರಾ? ಬಿಸಿನೀರು ಬರೋ ಮನೆ ಅಣ್ಣ! ಒಬ್ಬರಾದ್ರೂ?"

ಅವನು ಅಳತೊಡಗಿದ. ಮುದುಕ ಅಳುವುದನ್ನು ನೋಡಿಕೊಂಡು ಕೂರಲಾಗದೆ ಎದ್ದು ಬಂದೆ. ಶನಿವಾರ ಹಳೆಯ ಸಿನಿಮಾ ಹಾಲಿನಲ್ಲಿ ಸಭೆ ಇದೆ. ಎಂಜಿನಿಯರ್ ವರದಿ ಓದುತ್ತಾನೆ. ನನ್ನ ಸಹಿ ಇರುವ ವರದಿ.

ಮಾರ್ಚ್ 21, ಗುರುವಾರ

ನೊರೂಜ್. ಯಾರ ಮನೆಗೂ ಹೋಗಲಿಲ್ಲ. ಮೇಜಿನ ಮೇಲೆ ಕಾಗದ ಹರಡಿಕೊಂಡು ಹೊಸ ನಕ್ಷೆ ಬರೆದೆ. ಗೆರೆ ನೇರ ಬರುವುದಿಲ್ಲ. ನಾಲ್ಕು ಸಲ ಹರಿದು ಹಾಕಿದೆ. ಎಂಜಿನಿಯರ್ ಹಬ್ಬಕ್ಕೆ ಊರಿಗೆ ಹೋಗಿದ್ದಾನೆ, ಫೋನ್ ಎತ್ತುವುದಿಲ್ಲ. ಜೂರಾಳಿಗೆ, ಎರಡು ದಿನ ನನ್ನ ಮನೆಯಲ್ಲಿ ಬಂದಿರು ಎಂದು ಹೇಳಿ ಕಳಿಸಿದೆ. "ಹಬ್ಬದ ದಿನ ಮನೆಗೆ ಬೀಗ ಹಾಕ್ಕೊಂಡು ಬರೋದಾ, ಅಕ್ಕನಿಗೆ ವಯಸ್ಸಾಯ್ತು," ಅಂದಳಂತೆ.

ಮಾರ್ಚ್ 23, ಶನಿವಾರ

ಸಭೆ ಮುಗಿಯಿತು. ಇನ್ನೂ ಕಿವಿಯಲ್ಲಿ ಗದ್ದಲ.

ಆ ಹಾಲಿಗೆ ಹೋಗಿ ಎಷ್ಟು ವರ್ಷವಾಗಿತ್ತೋ. ಒಂದು ಕಾಲದಲ್ಲಿ ವೆಲ್ವೆಟ್ ಕುರ್ಚಿ, ಕ್ಯಾಂಟೀನಿನಲ್ಲಿ ಕಿತ್ತಳೆ ಹಣ್ಣು. ಗಣಿ ಊರೆಂದು ಸಾಮಾನೆಲ್ಲ ಮಾಸ್ಕೋದಿಂದ ನೇರ ಬರುತ್ತಿತ್ತು. ಜಿಲ್ಲಾ ಕೇಂದ್ರದವರು ನಮ್ಮ ಅಂಗಡಿಗೆ ಚಾಕೊಲೇಟ್‌ಗೆ ಬರುತ್ತಿದ್ದರು. ಈಗ ಕುರ್ಚಿಗಳನ್ನೆಲ್ಲ ಕಿತ್ತು ಮಾರಿದ್ದಾರೆ, ಜನ ಮನೆಯಿಂದ ಸ್ಟೂಲು ಹೊತ್ತು ತಂದಿದ್ದರು. ಆದರೂ ಮಾತು ಆಡುವುದು ಮಾತ್ರ ನಾವೇ ದೇಶಕ್ಕೆ ಬೆಂಕಿ ಕೊಟ್ಟವರು ಅನ್ನುವ ಹಾಗೆ. ಅಂಥ ಊರು ನಮ್ಮದು.

ಎಲ್ದಾರ್ ಓದಿದ. ದಿಂಡು ಗಟ್ಟಿ, ಕಟ್ಟಡಕ್ಕೆ ಅಪಾಯವಿಲ್ಲ. ಕಾರಣ ಅಕ್ರಮ ಬಿಲ. ಜನ ಶೈಲೋನ ಕಡೆ ತಿರುಗಿ ಬೈಯತೊಡಗಿದರು. ಒಬ್ಬಳು ಉಗಿದೇಬಿಟ್ಟಳು. ನಾನು ಎದ್ದೆ.

"ಅದು ಸುಳ್ಳು ನಕ್ಷೆ," ಅಂದೆ. "ದಿಂಡು ಇಲ್ಲ. ನಲವತ್ತು ವರ್ಷದ ಹಿಂದೆಯೇ ಏಳನೇ ತಂಡ ಅದನ್ನ ಅಗೆದು ತೆಗೆದುಬಿಟ್ಟಿದೆ. ವರ್ಷದ ಕೊನೆ, ಸರ್ಕಾರ ಕೊಟ್ಟ ಟನ್ ಗುರಿ ಮುಟ್ಟಿರಲಿಲ್ಲ. ನಾನು ಭಾನುವಾರ ಒಳಗೆ ಹೋಗಿ ಅಳೆದು ಬಂದೆ. ಇವತ್ತೇ ಮನೆ ಖಾಲಿ ಮಾಡಿ."

ಎಲ್ದಾರ್ ಬೆವರಿದ. "ಅಮ್ಮ, ಹನ್ನೊಂದು ದಿನದ ಹಿಂದೆ ನೀವೇ ಸಹಿ ಹಾಕಿದ್ದೀರಿ."

"ಹಾಕಿದೆ. ಗೊತ್ತಿರಲಿಲ್ಲ. ನಮ್ಮ ಮನೆಯವನು ಕೊಟ್ಟ ಅಳತೆ, ನಾನು ಬರೆದೆ."

ಅಬ್ಬಾ, ಎದ್ದ ಗದ್ದಲ! "ಗಂಡ ಸತ್ತ ಮೇಲೆ ಮರ್ಯಾದೆ ತೆಗೀತಿದ್ದಾಳೆ!" "ಮುದುಕಿಗೆ ತಲೆ ಕೆಟ್ಟಿದೆ!" "ಹೆಗ್ಗಣದ ಹತ್ತಿರ ಪುಕ್ಕಟೆ ಕಲ್ಲಿದ್ದಲು ತಿಂದು ಮಾತಾಡ್ತಿದ್ದಾಳೆ!" ಜೂರಾ ಮೊದಲ ಸಾಲಿನಲ್ಲಿ ಕೂತಿದ್ದಳು. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೂ ಒಬ್ಬರೂ ಹತ್ತಿರ ಬರಲಿಲ್ಲ.

ಆಗ ಹಿಂದಿನ ಬಾಗಿಲಲ್ಲಿ ಕೆಮ್ಮು ಕೇಳಿತು. ಕಾಸಿಮಾಲಿ. ಸೊಸೆಯ ಭುಜ ಹಿಡಿದು ಬರುತ್ತಿದ್ದ, ಹೆಜ್ಜೆಗೊಮ್ಮೆ ನಿಂತು. ಕೋಟಿನ ಮೇಲೆ ಪದಕಗಳೆಲ್ಲ ಇದ್ದವು. ಜನ ದಾರಿ ಬಿಟ್ಟರು. ಮೇಜಿನ ತನಕ ಬಂದು, ಬಾಯಿ ಬಿಡದೆ, ನನ್ನ ಮುಂದೆ ಕೈ ಚಾಚಿದ. ಪೆನ್ಸಿಲ್ ಕೊಟ್ಟೆ.

ನಾನು ಬರೆದ ಟೊಳ್ಳಿನ ಗೆರೆ ಅರವತ್ತು ಮೀಟರಿಗೆ ನಿಂತಿತ್ತು. ಅವನು ಅಲ್ಲಿಂದ ಮುಂದಕ್ಕೆ ಎಳೆದ. ಕಲ್ಲುಮನೆ ಸಾಲಿನ ಮೂರನೇ ಬಾಗಿಲು ದಾಟಿತು. ಅಂಗಳ ದಾಟಿತು. ಕೆಮ್ಮು ಬಂದರೂ ನಿಲ್ಲಿಸಲಿಲ್ಲ. ಅದರಾಚೆಯ ಶಿಶುವಿಹಾರದ ಅರ್ಧದ ತನಕ ಎಳೆದು, ಅಲ್ಲಿ ಒಂದು ಗುಣಾಕಾರದ ಚಿಹ್ನೆ ಹಾಕಿ, ಪೆನ್ಸಿಲ್ ಇಟ್ಟ.

ಯಾರೋ ಹೆಂಗಸು ಚೀರಿಕೊಂಡು ಬಾಗಿಲ ಕಡೆ ಓಡಿದಳು. ಶಿಶುವಿಹಾರ ಇವತ್ತು ರಜೆ, ಆದರೂ ಓಡಿದಳು.

ನನಗೆ ಕುರ್ಚಿ ಸಿಗದೆ ನೆಲದ ಮೇಲೇ ಕೂತುಬಿಟ್ಟೆ. ಶಿಶುವಿಹಾರ! ತಾಶ್ತಾನ್ ಪ್ರತಿ ಹೊಸವರ್ಷಕ್ಕೆ ಅಲ್ಲಿ ಬಿಳಿಗಡ್ಡದ ಹಿಮಜ್ಜನ ವೇಷ ಹಾಕಿ ಮಕ್ಕಳಿಗೆ ಸಿಹಿ ಹಂಚುತ್ತಿದ್ದ.

ಮಾರ್ಚ್ 26, ಮಂಗಳವಾರ

ಮೂರು ದಿನದಿಂದ ಸಾಮಾನು ಹೊರುವುದೇ ಕೆಲಸ. ನಮ್ಮ ಶೈಲೋ ತನ್ನ ಮೂಟೆ ಸಾಗಿಸುವ ಲಾರಿಯನ್ನೇ ತಂದಿದ್ದಾನೆ. ಶನಿವಾರ ಅವನಿಗೆ ಉಗಿದವಳ ಹೊಲಿಗೆ ಮಿಷನ್ನನ್ನು ಹೊತ್ತುಕೊಂಡು ಮೂರಂತಸ್ತು ಇಳಿದ. ಮೂವತ್ತೈದು ಮನೆ ಖಾಲಿಯಾದವು. ಮೂವತ್ತಾರನೆಯದು ಜೂರಾಳದ್ದು. ಬಾಗಿಲು ತೆರೆಯಲಿಲ್ಲ. ಮಧ್ಯಾಹ್ನ ಮೂರಕ್ಕೆ ನಾನು ಹೋಗಿ ತಟ್ಟಿದೆ. ನನಗೆ ತೆರೆದಳು.

ಒಂದು ಸಾಮಾನೂ ಕಟ್ಟಿರಲಿಲ್ಲ. ಅಡುಗೆಮನೆಯ ಬಿರುಕಿನಲ್ಲಿ ಈಗ ಕೈ ತೂರಿಸಬಹುದು, ಆಚೆ ಕಡೆ ಆಕಾಶ ಕಾಣುತ್ತದೆ. ಗೋಡೆಯೊಳಗೆ ಏನೋ ಲಟಲಟ ಎನ್ನುತ್ತಿತ್ತು. ಅವಳು ಮೇಜಿನ ಮುಂದೆ ಕೂತಳು.

"ಏಳೇ ಜೂರಾ. ಪಾತ್ರೆ ಹಾಳಾಗಿ ಹೋಗ್ಲಿ, ನೀನು ಬಾ."

"ಕೂತ್ಕೋ ಅಕ್ಕ. ಒಂದು ಕೇಳ್ಬೇಕು."

"ಕೆಳಗೆ ಹೋಗಿ ಕೇಳು!"

"ಇಲ್ಲೇ ಕೇಳ್ತೀನಿ. ಈ ಮನೆ ಮೊದಲು ನಿನ್ನ ಹೆಸರಿಗಲ್ವಾ ಬಂದಿದ್ದು?"

ನಾನು ಗೋಡೆ ಹಿಡಿದುಕೊಂಡೆ. ಮೂರು ದಿನದಿಂದ ಈ ಮಾತು ಬರುತ್ತದೆಂದು ಗೊತ್ತಿತ್ತು. "ಹೌದು."

"ಭಾವನಿಗೆ ಗೊತ್ತಿತ್ತು. ಅದಕ್ಕೇ ನಿನ್ನನ್ನ ಇಲ್ಲಿ ಕಾಲಿಡೋಕೆ ಬಿಡಲಿಲ್ಲ. ನನ್ನನ್ನ ತಂದಿಟ್ಟ."

"ಹೌದು."

"ನಾಲ್ಕು ತಿಂಗಳ ಬಸುರಿ ನಾನು. ನನ್ನ ಮೂರು ಮಕ್ಕಳೂ ಈ ನೆಲದ ಮೇಲೇ ಅಂಬೆಗಾಲಿಟ್ವು. ಅವನು ಇದೇ ಸ್ಟೂಲಿನ ಮೇಲೆ ಕೂತು, ಅವುಗಳನ್ನ ತೊಡೆ ಮೇಲೆ ಕೂರಿಸ್ಕೊಂಡು, ನನ್ನ ಕೈಯಿಂದ ಚಹಾ ಕುಡೀತಿದ್ದ. ನಾನು ಅವನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದೆ ಅಕ್ಕ. ಇಪ್ಪತ್ತಾರು ವರ್ಷ."

ಕೆಳಗಿನಿಂದ ಶೈಲೋ, "ದೊಡ್ಡಮ್ಮ, ಮೆಟ್ಟಿಲು ಬಾಯಿ ಬಿಡ್ತಿದೆ, ಬೇಗ ಬನ್ನಿ!" ಅಂತ ಕೂಗಿದ.

"ಅವನನ್ನ ಎಷ್ಟು ಬೇಕಾದ್ರೂ ಶಪಿಸು, ಏಳು ಮೊದಲು," ಅಂದೆ. ಕೈ ಹಿಡಿದು ಎಳೆದೆ. ಅವಳು ಮೇಜಿನ ಕಾಲು ಹಿಡಿದುಕೊಂಡಳು.

"ಸತ್ತವನ ವಿಷಯ ಬಿಡು. ನಿನ್ನನ್ನ ಕೇಳ್ತೀನಿ. ನೀನು ಕತ್ತೆಯಷ್ಟು ಹಠಮಾರಿ. ಗಣಿ ನಿರ್ದೇಶಕ ಬಂದು ಹೇಳಿದ್ರೂ ಹತ್ತು ಟನ್ ವ್ಯತ್ಯಾಸ ಬಂದ್ರೆ ಸಹಿ ಹಾಕ್ತಿರಲಿಲ್ಲ. ಊರೆಲ್ಲ ಹೇಳೋರು. ನಿನಗೆ ನಿಜವಾಗ್ಲೂ ಗೊತ್ತಿರಲಿಲ್ವಾ? ಸುಳ್ಳು ಹೇಳಿದ್ರೆ ನಾನು ಇಲ್ಲಿಂದ ಏಳಲ್ಲ. ಆಣೆಗೂ ಏಳಲ್ಲ."

ಗೊತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಸಭೆಯಲ್ಲಿ ಅದನ್ನೇ ಹೇಳಿದ್ದೆ, ಈ ಪುಸ್ತಕದಲ್ಲೂ ಅದನ್ನೇ ನಂಬಿಕೊಂಡು ಬರೆದಿದ್ದೇನೆ. ಬಾಯಿ ತೆರೆದವಳಿಗೆ ಆ ಜನವರಿಯ ಮೇಜು ಕಣ್ಣಿಗೆ ಕಟ್ಟಿತು. ಅವನು ಹೇಳಿದ ಜಾಗದಲ್ಲಿ ಅಗೆದರೆ ಡಿಸೆಂಬರಿಗೆ ಹೆಚ್ಚೆಂದರೆ ಆರು ಸಾವಿರ ಟನ್ ಬರಬೇಕು. ಮೇಲೆ ಬಂದು ತೂಗಿದ್ದು ಹನ್ನೊಂದು ಸಾವಿರ. ಎರಡು ಸಲ ಕೂಡಿಸಿ ನೋಡಿದ್ದೆ. ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆಯನ್ನೂ ಹಾಕಿದ್ದೆ. ಅವನು ನನ್ನ ಹಿಂದೆ ನಿಂತು ಭುಜದ ಮೇಲೆ ಕೈ ಇಟ್ಟ. ನಾನು ರಬ್ಬರ್ ತೆಗೆದುಕೊಂಡು ಅಳಿಸಿದೆ. ಅವನು ಕೇಳಿಕೊಳ್ಳಲಿಲ್ಲ, ಗದರಲೂ ಇಲ್ಲ. ಐದು ಸಾವಿರ ಟನ್ ಎಲ್ಲಿಂದ ಬಂತು ಎಂದು ಆಮೇಲೆ ನಾನು ಯಾವತ್ತೂ ಯೋಚಿಸಲಿಲ್ಲ. ಮನೆ ಬೇಡ ಎಂದಾಗಲೂ ಒಂದು ವಾರ ಮುನಿಸಿಕೊಂಡೆನೇ ಹೊರತು ಯಾಕೆ ಎಂದು ಕೇಳಲಿಲ್ಲ.

ನನ್ನ ತಂಗಿಯನ್ನು ಉಳಿಸಿಕೊಳ್ಳಬಹುದು, ಇಲ್ಲ ನನ್ನ ಮೇಲಿನ ಅವಳ ಪ್ರೀತಿಯನ್ನು. ಎರಡೂ ಆಗುವ ಹಾಗಿರಲಿಲ್ಲ.

"ಲೆಕ್ಕ ಕೂಡಿರಲಿಲ್ಲ ಜೂರಾ," ಅಂದೆ. "ನನಗೆ ಕಂಡಿತ್ತು. ನಾನೇ ಅಳಿಸಿದೆ. ನಾನು ಕೇಳಲಿಲ್ಲ."

ಅವಳು ಮೇಜಿನ ಕಾಲು ಬಿಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದಳು. ಗೂಟದಿಂದ ಶಾಲು ತೆಗೆದು ತಲೆಗೆ ಸುತ್ತಿಕೊಂಡಳು. ನನ್ನ ಭುಜಕ್ಕೆ ತಾಗದ ಹಾಗೆ ಪಕ್ಕಕ್ಕೆ ಸರಿದು ಬಾಗಿಲು ದಾಟಿ ಮೆಟ್ಟಿಲಿಳಿದಳು. ನಾನು ಹಿಂದೆ ಇಳಿದೆ. ಕೆಳಗೆ ಶೈಲೋ ಅವಳ ಕೈ ಹಿಡಿದುಕೊಂಡ. "ನಿಮ್ಮನೆಗೆ ಕರ್ಕೊಂಡು ಹೋಗಪ್ಪ," ಅಂದಳು ಅವನಿಗೆ. "ಗುಡ್ಡದ ಮೇಲಿನ ಮನೆಗೆ ನಾನು ಹೋಗಲ್ಲ."

ಮಾರ್ಚ್ 29, ಶುಕ್ರವಾರ

ಶೈಲೋನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಬಾಗಿಲಲ್ಲೇ, "ಈಗ ಬೇಡ ದೊಡ್ಡಮ್ಮ," ಅಂದಳು. ಒಳಗೆ ಶೈಲೋನ ಮಕ್ಕಳ ಜೊತೆ ಜೂರಾ ನಗುತ್ತಿದ್ದುದು ಕೇಳಿಸಿತು.

ಎಲ್ದಾರ್ ಹಳೆಯ ವರದಿ ಹರಿದು ಹೊಸದು ಬರೆದಿದ್ದಾನೆ. ಶೈಲೋನ ಮೇಲಿನ ಕೇಸ್ ಏನಾಗುತ್ತದೋ ಗೊತ್ತಿಲ್ಲವಂತೆ. ನಾನು ಹೇಳಿಕೆ ಕೊಟ್ಟು ಬಂದೆ, ಪೆನ್ಸಿಲ್ ಗುರುತು ಅಳಿಸಿದ್ದೂ ಸೇರಿಸಿ.

ಏಪ್ರಿಲ್ 2, ಮಂಗಳವಾರ

ಬೆಳಿಗ್ಗೆ ಹತ್ತೂವರೆಗೆ ಕಲ್ಲುಮನೆ ಸಾಲು ಬಿತ್ತು. ಎರಡನೇ ಬಾಗಿಲು ಮೊದಲು ಕುಸಿಯಿತು, ಆಮೇಲೆ ಎರಡೂ ಕಡೆಯದು. ಒಳಗೆ ಒಂದು ಬೆಕ್ಕೂ ಇರಲಿಲ್ಲ. ದೂಳು ಗಣಿಯ ಹೊಗೆ ಚಿಮಣಿಗಿಂತ ಎತ್ತರಕ್ಕೆ ಎದ್ದಿತಂತೆ. ಜನ ಚೀರಿದರಂತೆ. ಕಾಸಿಮಾಲಿ ರಸ್ತೆಯಲ್ಲೇ ಮಂಡಿಯೂರಿದನಂತೆ.

ಅಂತೆ ಎಂದು ಬರೆಯುತ್ತಿದ್ದೇನೆ. ನಾನೂ ಅಲ್ಲೇ ನಿಂತಿದ್ದೆ, ಐವತ್ತು ಹೆಜ್ಜೆ ದೂರದಲ್ಲಿ. ಆದರೆ ಬೀದಿಯ ಆಚೆ ಬದಿಯಲ್ಲಿ ಜೂರಾ ನಿಂತಿದ್ದಳು, ಶೈಲೋನ ಹೆಂಡತಿಯ ಹಸಿರು ಕೋಟು ಹಾಕಿಕೊಂಡು. ಅವಳು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಕಟ್ಟಡ ಬಿದ್ದದ್ದನ್ನು ನಾನು ನೋಡಲೇ ಇಲ್ಲ.